ಶುಶ್ರೂಷಾವಿದ್ಯೆಯ ವೆಚ್ಚವೂ ಸಮಾಜದ ದಾಸೋಹವೂ

(ಶ್ರೀಮಠದ ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಮಹೋತ್ಸವವೆಂದರೆ ತೇರು, ಪಲ್ಲಕ್ಕಿ, ಪ್ರಸಾದಗಳ ಸಂಭ್ರಮವಷ್ಟೇ ಅಲ್ಲ. ಸಂದುಹೋದ ಕಾಲದ ಕಾಯಕದ ಲೆಕ್ಕವನ್ನು ಗುರುವಿನ ಮುಂದೊಪ್ಪಿಸಿ, ಮುಂಬರುವ ಕಾಲದ ಕಾಯಕವನ್ನು ಗೊತ್ತುಮಾಡಿಕೊಳ್ಳುವ ಪುಣ್ಯಕಾಲವೂ ಅಹುದು. ಈ ಹೊತ್ತಿನ ಉಪನ್ಯಾಸಕ್ಕೆ ಆರಿಸಿಕೊಂಡ ವಿಷಯವು ಅಂತಹ ಒಂದು ಕಾಯಕಕ್ಕೆ ಸಂಬಂಧಿಸಿದುದು. ಹಳ್ಳಿಯ ಬಡ ಒಕ್ಕಲಿನ ಮಗಳೊಬ್ಬಳು ಶುಶ್ರೂಷಾವಿದ್ಯೆಯಲ್ಲಿ ಪದವಿ ಪಡೆಯಬೇಕಾದರೆ ತಗಲುವ ವೆಚ್ಚವೆಷ್ಟು, ಅದನ್ನು ಈಗ ಹೊರುತ್ತಿರುವವರು ಯಾರು, ನ್ಯಾಯವಾಗಿ ಹೊರತಕ್ಕವರು ಯಾರು ಎಂಬುದೇ ಆ ವಿಷಯ. ಧರ್ಮಸಭೆಯಲ್ಲಿ ಹಣದ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಹಣ ಬಂದ ಬಗೆಯನ್ನೂ ಅದು ಸಂದ ಬಗೆಯನ್ನೂ ಧರ್ಮದಿಂದ ಬೇರೆಯೆಂದು ಶರಣರು ಎಂದೂ ಎಣಿಸಲಿಲ್ಲ.

ಪ್ರತಿವರ್ಷ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ಕೂಡಲೇ ಎಷ್ಟೋ ಮಂದಿ ತಂದೆತಾಯಿಗಳು ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಊರಿನ ಮೇಷ್ಟರ ಬಳಿಗೂ ಮಠದ ಬಾಗಿಲಿಗೂ ಬರುವರು. "ಮಗಳು ನರ್ಸಿಂಗ್ ಓದುತ್ತೇನೆನ್ನುತ್ತಾಳೆ, ಎಷ್ಟು ಖರ್ಚಾದೀತು?" ಎಂಬುದು ಅವರ ಪ್ರಶ್ನೆ. ಅವರಿಗೆ ದೊರೆಯುವ ಉತ್ತರವು ಸಾಮಾನ್ಯವಾಗಿ ಒಂದೇ ಅಂಕಿ. ಅದು ಮೊದಲನೆಯ ವರ್ಷದ ಶುಲ್ಕ. ಆ ಒಂದು ಅಂಕಿಯನ್ನು ನಂಬಿ ಎತ್ತು ಮಾರಿದವರೂ ಹೊಲವನ್ನು ಅಡವಿಟ್ಟವರೂ ಎರಡನೆಯ ವರ್ಷದಲ್ಲಿ ಕಂಗಾಲಾಗುವರು. ನಡುವೆ ನಿಂತ ಓದಿಗೆ ಪದವಿಯೂ ಇಲ್ಲ, ಕೊಟ್ಟ ಹಣವೂ ಮರಳದು. ಆದುದರಿಂದ ಆ ಪ್ರಶ್ನೆಗೆ ಪೂರ್ಣವಾದ ಉತ್ತರವನ್ನು ಕೊಡುವುದು ಸಮಾಜದ ತಿಳಿದವರ ಕರ್ತವ್ಯವಾಗಿದೆ.

ಮೊತ್ತಮೊದಲು ಈ ವಿದ್ಯೆಯ ಮೆಟ್ಟಿಲುಗಳನ್ನು ತಿಳಿಯತಕ್ಕದ್ದು. ಎ.ಎನ್.ಎಂ. ಎಂಬುದು ಎರಡು ವರ್ಷಗಳ ಶಿಕ್ಷಣ. ಹಳ್ಳಿಗಳಲ್ಲಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುವ ಸಹಾಯಕಿಯರು ಇದನ್ನು ಕಲಿತವರು. ಜಿ.ಎನ್.ಎಂ. ಎಂಬುದು ಮೂರು ವರ್ಷಗಳ ಡಿಪ್ಲೊಮಾ. ಬಿ.ಎಸ್ಸಿ. ನರ್ಸಿಂಗ್ ಎಂಬುದು ನಾಲ್ಕು ವರ್ಷಗಳ ಪದವಿ, ಇದಕ್ಕೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿ ತೇರ್ಗಡೆಯಾಗಿರಬೇಕು. ಡಿಪ್ಲೊಮಾ ಮುಗಿಸಿದವರು ತರುವಾಯ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಶಿಕ್ಷಣದಿಂದಲೂ ಪದವಿಯನ್ನು ಪಡೆಯಬಹುದು. ಈ ಮೂರರ ಭೇದವನ್ನು ಅರಿಯದೆ ಒಂದರ ಹೆಸರಿನಲ್ಲಿ ಮತ್ತೊಂದಕ್ಕೆ ಸೇರಿ ಪಶ್ಚಾತ್ತಾಪಪಟ್ಟವರುಂಟು.

ಈ ವಿದ್ಯೆಯ ವೆಚ್ಚವು ಎಂದಿನಿಂದಲೂ ವಿದ್ಯಾರ್ಥಿನಿಯ ಮನೆಯವರ ಮೇಲೆಯೇ ಬಿದ್ದುದಲ್ಲ. 1854ರ ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಸೇವೆಮಾಡಿ ಕೀರ್ತಿವಂತಳಾದ ಫ್ಲಾರೆನ್ಸ್ ನೈಟಿಂಗೇಲಳ ಗೌರವಾರ್ಥವಾಗಿ ಇಂಗ್ಲೆಂಡಿನ ಜನರು 40,000 ಪೌಂಡಿಗೂ ಮಿಕ್ಕ ನಿಧಿಯನ್ನು ಕೂಡಿಸಿದರು. ಆ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಕಿಯರ ಶಿಕ್ಷಣಶಾಲೆಯು ತೆರೆಯಲ್ಪಟ್ಟಿತು. ಅಲ್ಲಿ ಕಲಿಯುವವರಿಗೆ ಊಟ ವಸತಿಗಳು ಧರ್ಮಾರ್ಥವಾಗಿದ್ದುವಲ್ಲದೆ, ವರ್ಷಕ್ಕೆ 10 ಪೌಂಡ್ ಕೈಖರ್ಚಿಗೂ ಸಲ್ಲುತ್ತಿದ್ದಿತು. ಅಂದರೆ ಈ ವಿದ್ಯೆಯ ಆಧುನಿಕ ಪಾಠಶಾಲೆಯು ಹುಟ್ಟಿದ್ದೇ ಜನರ ಕಾಣಿಕೆಯಿಂದ. ಕಲಿಯುವವಳಿಂದ ಹಣ ಪಡೆದಲ್ಲ, ಕಲಿಯುವವಳಿಗೇ ಅನ್ನವಿಕ್ಕಿ.

ಅನಂತರ ಬಹುಕಾಲ ಅನೇಕ ದೇಶಗಳಲ್ಲಿ ಇದೇ ಪದ್ಧತಿ ನಡೆದುಬಂದಿತು. ಕಲಿಯುವವಳು ಆಸ್ಪತ್ರೆಯಲ್ಲಿಯೇ ವಾಸಮಾಡಿ, ಅಲ್ಲಿನ ಕೆಲಸಮಾಡುತ್ತ ಕಲಿಯುತ್ತಿದ್ದಳು. ದುಡಿಮೆಯು ಬಲು ಕಠಿಣವಾಗಿದ್ದಿತು, ಪಾಠವು ಕೊಂಚವೇ ಆಗಿದ್ದಿತು. ಆದರೂ ತಂದೆಯು ಸಾಲಗಾರನಾಗುತ್ತಿರಲಿಲ್ಲ. ಭಾರತದಲ್ಲಿ 1946ನೆಯ ಇಸವಿಯಲ್ಲಿ ದೆಹಲಿಯ ಶುಶ್ರೂಷಾ ಕಾಲೇಜಿನಲ್ಲಿಯೂ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿಯೂ ಪದವಿಶಿಕ್ಷಣವು ಮೊದಲಾಯಿತು. ಅದೇ ವರ್ಷ ಪ್ರಕಟವಾದ ಭೋರ್ ಸಮಿತಿಯ ವರದಿಯು, ಆಗಿನ ಭಾರತದಲ್ಲಿ ಇದ್ದವರು ಸುಮಾರು 7,000 ಶುಶ್ರೂಷಕಿಯರು ಮಾತ್ರ, ಎಂದರೆ 43,000 ಜನರಿಗೆ ಒಬ್ಬಳು, ಎಂದು ತಿಳಿಸಿತು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಶಾಸನವು ಜಾರಿಗೆ ಬಂದಿತು. ಕಲಿಕೆಗೆ ಶಾಸ್ತ್ರೀಯವಾದ ಕಟ್ಟಳೆಗಳು ಒದಗಿದುವು. ಇದು ರೋಗಿಗಳ ಭಾಗ್ಯವೆಂದೇ ಹೇಳಬೇಕು. ಆದರೆ ಕಲಿಯುವವಳು ಆಸ್ಪತ್ರೆಯ ಆಳಾಗಿರುವುದು ತಪ್ಪಿ ಕಾಲೇಜಿನ ವಿದ್ಯಾರ್ಥಿನಿಯಾದೊಡನೆ, ವೆಚ್ಚದ ಹೊರೆಯೂ ಆಸ್ಪತ್ರೆಯ ಹೆಗಲಿನಿಂದ ಜಾರಿತು. ಸರ್ಕಾರಿ ಕಾಲೇಜುಗಳು ಸಾಲದೆ ಖಾಸಗಿ ಕಾಲೇಜುಗಳು ಹೆಚ್ಚಿದಂತೆಲ್ಲ ಅದು ತಂದೆತಾಯಿಗಳ ಹೆಗಲಿಗೇ ಬಂದು ಕುಳಿತಿತು.

ಆ ಹೊರೆಯ ತೂಕವನ್ನು ಈಗ ಒಂದು ಉದಾಹರಣೆಯಿಂದ ನೋಡಬಹುದು. ಇಲ್ಲಿ ಹೇಳುವ ಅಂಕಿಗಳು ಒಂದು ಕಾಲೇಜಿನವಲ್ಲ. ಲೆಕ್ಕಹಾಕುವ ಕ್ರಮವನ್ನು ತೋರಿಸಲು ಇಟ್ಟುಕೊಂಡ ಅಂದಾಜು. ಖಾಸಗಿ ಕಾಲೇಜೊಂದರಲ್ಲಿ ಆಡಳಿತಮಂಡಳಿಯ ಸೀಟಿಗೆ ವರ್ಷಕ್ಕೆ 1,00,000 ರೂಪಾಯಿ ಶುಲ್ಕವೆಂದು ಇಟ್ಟುಕೊಂಡರೆ, ವಸತಿಗೂ ಊಟಕ್ಕೂ ತಿಂಗಳಿಗೆ 6,000 ರೂಪಾಯಿಯಂತೆ 72,000 ರೂಪಾಯಿಗಳಾಗುವುವು. ಸಮವಸ್ತ್ರ, ಪಾದರಕ್ಷೆ, ಪುಸ್ತಕ, ಪ್ರಯೋಗದ ದಾಖಲೆವಹಿ, ಪರೀಕ್ಷಾಶುಲ್ಕ, ಆಸ್ಪತ್ರೆಗೂ ಹಳ್ಳಿಗಳಿಗೂ ಹೋಗಿಬರುವ ಬಸ್ಸಿನ ಖರ್ಚು, ಹಬ್ಬಕ್ಕೆ ಊರಿಗೆ ಬಂದುಹೋಗುವ ಖರ್ಚು, ಇವಕ್ಕೆಲ್ಲ 15,000 ರೂಪಾಯಿ ಬೇಕು. ಒಟ್ಟು ವರ್ಷಕ್ಕೆ 1,87,000; ನಾಲ್ಕು ವರ್ಷಗಳಿಗೆ 7,48,000 ರೂಪಾಯಿ. ತಂದೆಯು ಕೇಳಿಕೊಂಡು ಬಂದ ಅಂಕಿಯು ಒಂದು ಲಕ್ಷ. ತೆರಬೇಕಾದುದು ಏಳೂವರೆ ಲಕ್ಷ. ಕೊನೆಯ ಪರೀಕ್ಷೆಯಾದ ಮೇಲೆ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸುವ ಶುಲ್ಕವೂ, ಕೆಲಸ ಹುಡುಕುವ ತಿಂಗಳುಗಳ ಖರ್ಚೂ ಇದಕ್ಕೆ ಹೊರಗಿನವು.

ಇದರಲ್ಲಿ 5,00,000 ರೂಪಾಯಿಗಳನ್ನು ಬ್ಯಾಂಕಿನಿಂದ ನೂರಕ್ಕೆ 10ರ ಬಡ್ಡಿಯಂತೆ ತಂದು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ, ತಿಂಗಳ ಕಂತು ಸುಮಾರು 6,600 ರೂಪಾಯಿ ಬೀಳುವುದು. ತೀರುವ ಹೊತ್ತಿಗೆ ಕೊಟ್ಟ ಹಣವು ಎಂಟು ಲಕ್ಷದ ಸಮೀಪಕ್ಕೆ ಬರುವುದು. ಓದುವ ಕಾಲದ ಬಡ್ಡಿಯು ಬೇರೆ. ಇನ್ನು ಸಂಪಾದನೆಯ ಮಾತು. ಖಾಸಗಿ ಆಸ್ಪತ್ರೆಗಳ ಶುಶ್ರೂಷಕಿಯರ ಕಡಮೆ ಸಂಬಳದ ವಿಚಾರವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅದರ ನಿರ್ದೇಶದ ಮೇರೆಗೆ 2016ರಲ್ಲಿ ಕೇಂದ್ರ ಸರ್ಕಾರವು ನೇಮಿಸಿದ ಸಮಿತಿಯು, 50 ಹಾಸಿಗೆಗಳಿಗೆ ಕಡಮೆಯಿರುವ ಸಣ್ಣ ಆಸ್ಪತ್ರೆಗಳಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಇಳಿಯದಂತೆ ಸಂಬಳವಿರಬೇಕೆಂದೂ, 200 ಹಾಸಿಗೆಗಳಿಗೆ ಮಿಕ್ಕ ಆಸ್ಪತ್ರೆಗಳಲ್ಲಿ ಸರ್ಕಾರಿ ಸಂಬಳಕ್ಕೆ ಸಮನಾಗಿರಬೇಕೆಂದೂ ಶಿಫಾರಸು ಮಾಡಿತು. ಅದು ಎಲ್ಲೆಡೆಯಲ್ಲಿಯೂ ಆಚರಣೆಗೆ ಬಂದಿಲ್ಲ. ಆ 20,000 ರೂಪಾಯಿ ದೊರೆತರೂ ಅದರ ಮೂರನೆಯ ಒಂದು ಪಾಲು ಸಾಲದ ಕಂತಿಗೇ ಸಲ್ಲುವುದು. ಉಳಿದುದರಲ್ಲಿ ಪಟ್ಟಣದ ಬಾಡಿಗೆ, ಊಟ, ತಮ್ಮಂದಿರ ಓದು, ತಾಯಿಯ ಔಷಧ. ಅನ್ಯರ ನೋವಿಗೆ ರಾತ್ರಿಯೆಲ್ಲ ಎಚ್ಚರವಿದ್ದವಳು ತಿಂಗಳ ಕೊನೆಯಲ್ಲಿ ಸ್ವಂತ ಚಿಂತೆಯಿಂದಲೂ ಎಚ್ಚರವಿರಬೇಕಾಗುವುದು.

ಬಡವರ ಮಕ್ಕಳು ಈ ಹೊರೆಗೆ ಅಂಜಿ ಹಿಂದೆಗೆದರೆ ನಷ್ಟವು ಅವರೊಬ್ಬರದೇ ಅಲ್ಲವೆಂಬುದಕ್ಕೆ ಪರದೇಶಗಳ ನಿದರ್ಶನಗಳು ಇವೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ಸರ್ಕಾರವು ಶುಶ್ರೂಷಕಿಯರ ಅಭಾವವನ್ನು ಕಂಡು ಕೆಡೆಟ್ ನರ್ಸ್ ಕೋರ್ ಎಂಬ ಯೋಜನೆಯನ್ನು ಸ್ಥಾಪಿಸಿ ಶುಲ್ಕ, ಪುಸ್ತಕ, ಸಮವಸ್ತ್ರ, ಕೈಖರ್ಚುಗಳೆಲ್ಲವನ್ನೂ ತಾನೇ ವಹಿಸಿತು. ಒಂದು ಲಕ್ಷಕ್ಕೂ ಮಿಕ್ಕ ಶುಶ್ರೂಷಕಿಯರು ಕೆಲವೇ ವರ್ಷಗಳಲ್ಲಿ ತಯಾರಾದರು. ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ಸರ್ಕಾರವು 2017ರಲ್ಲಿ ಈ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ವಿದ್ಯಾರ್ಥಿವೇತನವನ್ನು ನಿಲ್ಲಿಸಿ, ಸಾಲಮಾಡಿ ಓದಬೇಕೆಂದು ಗೊತ್ತುಮಾಡಿತು. ಅರ್ಜಿಗಳ ಸಂಖ್ಯೆಯು ಗಣನೀಯವಾಗಿ ಕುಸಿಯಿತು; 2020ರಿಂದ ವರ್ಷಕ್ಕೆ 5,000 ಪೌಂಡಿನ ಸಹಾಯಧನವನ್ನು ಪುನಃ ಕೊಡಬೇಕಾಯಿತು. ನೈಟಿಂಗೇಲಳ ನಾಡೇ ಮರೆತ ಪಾಠವನ್ನು ಮರಳಿ ಕಲಿತ ಬಗೆ ಇದು.

ಹಾಗಾದರೆ ಬಡಕುಟುಂಬಗಳಿಗೆ ಇರುವ ದಾರಿಗಳಾವುವು? ಸರ್ಕಾರಿ ಕಾಲೇಜುಗಳಲ್ಲಿ ಶುಲ್ಕವು ಖಾಸಗಿ ಕಾಲೇಜುಗಳಿಗಿಂತ ಬಹಳ ಕಡಮೆ. ಕರ್ನಾಟಕದಲ್ಲಿ ಸರ್ಕಾರಿ ಸೀಟುಗಳ ಹಂಚಿಕೆಯು ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುವುದು. ಅರ್ಜಿಯ ಕಡೆಯ ದಿನವನ್ನು ತಪ್ಪಿಸಿಕೊಂಡ ಕಾರಣದಿಂದಲೇ ಎಷ್ಟೋ ಮಕ್ಕಳು ದುಬಾರಿಯ ಸೀಟಿಗೆ ಹೋಗುವರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಶುಲ್ಕವು ಅತ್ಯಲ್ಪ. ಸೈನ್ಯದ ಶುಶ್ರೂಷಾ ಕಾಲೇಜುಗಳಲ್ಲಿ, ಅವುಗಳಲ್ಲೊಂದು ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿದೆ, ಆಯ್ಕೆಯಾದವರಿಗೆ ವಸತಿ, ಪಡಿತರ, ಕೈಖರ್ಚುಗಳು ಸಲ್ಲುವುವು; ಪ್ರತಿಯಾಗಿ ಸೈನ್ಯದಲ್ಲಿ ಸೇವೆಮಾಡುವ ಕರಾರಿಗೆ ಒಪ್ಪಬೇಕು. ಮೊದಲು ಡಿಪ್ಲೊಮಾ ಮುಗಿಸಿ, ಕೆಲವು ವರ್ಷ ದುಡಿದು, ಸ್ವಂತ ಗಳಿಕೆಯಿಂದ ಪೋಸ್ಟ್ ಬೇಸಿಕ್ ಪದವಿಯನ್ನು ಪಡೆಯುವುದೂ ಮರ್ಯಾದೆಯ ದಾರಿಯೇ. ಸಾಲ ಅನಿವಾರ್ಯವಾದಲ್ಲಿ ಬ್ಯಾಂಕಿನ ವಿದ್ಯಾಸಾಲವೇ ಲೇಸು, ಊರ ಸಾಹುಕಾರನ ಬಡ್ಡಿಯಲ್ಲ. ನಾಲ್ಕು ಲಕ್ಷದವರೆಗಿನ ವಿದ್ಯಾಸಾಲಕ್ಕೆ ಆಸ್ತಿಯ ಅಡವು ಬೇಕಿಲ್ಲವೆಂಬುದು ಬ್ಯಾಂಕುಗಳ ಮಾದರಿ ಯೋಜನೆಯಲ್ಲಿಯೇ ಇದೆ. 2020ರಲ್ಲಿ ಏರ್ಪಟ್ಟ ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಲ್ಲಿಯೂ ಬಸವ ಬೆಳಗು ಎಂಬ ವಿದ್ಯಾಸಾಲದ ಯೋಜನೆಯುಂಟು.

ಅಗ್ಗವೆಂಬ ಒಂದೇ ಕಾರಣದಿಂದ ಕಾಲೇಜನ್ನು ಆರಿಸುವುದೂ ಅಪಾಯಕರ. ಈ ವಿದ್ಯೆಯು ಹಲಗೆಯ ಮೇಲೆ ಬರುವಂತಹುದಲ್ಲ, ಹಾಸಿಗೆಯ ಬದಿಯಲ್ಲಿ ಬರುವಂತಹುದು. ಅದಕ್ಕಾಗಿಯೇ ಪರಿಷತ್ತು ಪದವಿ ಕಾಲೇಜಿಗೆ 100 ಹಾಸಿಗೆಗಳಿಗೆ ಕಡಮೆಯಿಲ್ಲದ ಮಾತೃ ಆಸ್ಪತ್ರೆಯನ್ನು ವಿಧಿಸಿದೆ. ಆದುದರಿಂದ ಹಣ ಕಟ್ಟುವ ಮುನ್ನ ಪಾಲಕರು ವಿಚಾರಿಸತಕ್ಕ ಸಂಗತಿಗಳು ಇವು: ಕಾಲೇಜಿಗೆ ಪರಿಷತ್ತಿನ ಮನ್ನಣೆಯೂ ವಿಶ್ವವಿದ್ಯಾಲಯದ ಸಂಯೋಜನೆಯೂ ಆ ವರ್ಷಕ್ಕೆ ಇದೆಯೇ, ಆಸ್ಪತ್ರೆಯು ಎಲ್ಲಿದೆ, ಅಲ್ಲಿ ರೋಗಿಗಳು ನಿಜವಾಗಿ ಇರುವರೇ, ನಾಲ್ಕು ವರ್ಷಗಳ ಶುಲ್ಕವನ್ನು ಬರಹದಲ್ಲಿ ಕೊಡುವರೇ, ಕೊಟ್ಟ ಪ್ರತಿಯೊಂದು ರೂಪಾಯಿಗೂ ರಸೀದಿ ಸಿಕ್ಕುವುದೇ. ಮಧ್ಯಸ್ಥಗಾರನ ಕೈಗೆ ಹಣ ಕೊಡಲಾಗದು. ಮೂಲ ಅಂಕಪಟ್ಟಿಗಳನ್ನು ತಡೆಹಿಡಿದು ವಿದ್ಯಾರ್ಥಿನಿಯರನ್ನು ಕಟ್ಟಿಹಾಕುವ ಸಂಸ್ಥೆಗಳೂ ಇರುವುದರಿಂದ ಅವನ್ನು ಒಪ್ಪಿಸಿದಾಗ ಸ್ವೀಕೃತಿಪತ್ರವನ್ನು ಪಡೆಯುವುದು ಮೇಲು.

ಇನ್ನು ಮಠಗಳ ಹಾಗೂ ಸಮಾಜದ ಕರ್ತವ್ಯದ ಮಾತು. ವಿದ್ಯೆಗಾಗಿ ದಾಸೋಹಮಾಡುವುದು ಈ ಸಮಾಜಕ್ಕೆ ಹೊಸತಲ್ಲ. ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಬಡಮಕ್ಕಳ ವಿದ್ಯೆಗೆ ಮೀಸಲಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಏಳು ಮಂದಿ ಉಪಾಧ್ಯಾಯರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದರು. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಡಾ. ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನು ಎಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದುದು ಲೋಕವಿದಿತ. ಮಠದ ಜೋಳಿಗೆಗೆ ಬಿದ್ದ ಹಿಡಿ ಜೋಳವೇ ಎಷ್ಟೋ ಮಂದಿಯನ್ನು ವಕೀಲರನ್ನಾಗಿ, ಉಪಾಧ್ಯಾಯರನ್ನಾಗಿ, ಅಧಿಕಾರಿಗಳನ್ನಾಗಿ ಮಾಡಿತು. ಆದರೆ ಆ ಕಾಲದ ಪ್ರಸಾದನಿಲಯಗಳು ಬಹುಮಟ್ಟಿಗೆ ಬಾಲಕರಿಗಾಗಿಯೇ ಇದ್ದುವೆಂಬುದನ್ನು ಮರೆಯಲಾಗದು. ಮಗನಿಗೆ ಸಿಕ್ಕಿದ ಅನ್ನವು ಮಗಳಿಗೆ ಅಷ್ಟಾಗಿ ಸಿಕ್ಕಲಿಲ್ಲ.

ಮೇಲೆ ಹೇಳಿದ ಲೆಕ್ಕವನ್ನು ಮತ್ತೊಮ್ಮೆ ನೋಡಿದರೆ ದಾರಿಯು ತಾನಾಗಿ ಹೊಳೆಯುವುದು. ನಾಲ್ಕು ವರ್ಷಗಳ 7,48,000 ರೂಪಾಯಿಗಳಲ್ಲಿ ಊಟ ವಸತಿಗಳ ಪಾಲು 2,88,000. ಸರ್ಕಾರಿ ಸೀಟು ದೊರೆತವಳಿಗಂತೂ ಶುಲ್ಕಕ್ಕಿಂತ ಊಟ ವಸತಿಗಳದೇ ದೊಡ್ಡ ಖರ್ಚು. ಸೀಟು ಸಿಕ್ಕಿಯೂ ದೂರದ ಪಟ್ಟಣದಲ್ಲಿ ಇರಲು ನೆಲೆಯಿಲ್ಲದೆ ಬಿಟ್ಟುಕೊಡುವ ಪ್ರಸಂಗ ಬರುವುದು ಇದರಿಂದಲೇ. ಮಠಗಳಿಗೆ ಅನ್ನವಿಕ್ಕುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯೂ ಶುಶ್ರೂಷಾ ಕಾಲೇಜೂ ಇರುವ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಪ್ರಸಾದನಿಲಯವನ್ನು ತೆರೆದರೆ, ಕಾಲೇಜು ಕಟ್ಟದೆಯೇ, ಕೋಟ್ಯಂತರ ಹಣವಿಲ್ಲದೆಯೇ, ಅವರ ಹೊರೆಯ ಬಹುಭಾಗವನ್ನು ಇಳಿಸಿದಂತಾಗುವುದು.

ಆದರೆ ಆ ನಿಲಯವು ಈ ವಿದ್ಯೆಗೆ ತಕ್ಕಂತಿರಬೇಕು. ಸಂಜೆ ಏಳಕ್ಕೆ ಬಾಗಿಲಿಕ್ಕುವ ನಿಯಮವು ರಾತ್ರಿಯ ಪಾಳಿಯವಳಿಗೆ ಒಪ್ಪದು. ನಸುಕಿನಲ್ಲಿ ಆಸ್ಪತ್ರೆಗೆ ಹೊರಡುವವಳಿಗೆ ಬುತ್ತಿ ಸಿದ್ಧವಿರಬೇಕು. ರಾತ್ರಿಯೆಲ್ಲ ದುಡಿದು ಬಂದವಳಿಗೆ ಹಗಲಿನಲ್ಲಿ ನಿದ್ರಿಸಲು ನಿಶ್ಶಬ್ದವಾದ ಕೋಣೆ ಬೇಕು. ಜೊತೆಗೆ ಬಂದುಹೋಗಲು ನಂಬಿಕೆಯ ವಾಹನ ಬೇಕು. ಈ ನಾಲ್ಕು ಏರ್ಪಾಡುಗಳಿದ್ದರೆ ತಾಯಂದಿರು ಅಂಜಿಕೆಯಿಲ್ಲದೆ ಮಕ್ಕಳನ್ನು ಕಳುಹಿಸುವರು.

ಸಮಾಜದ ಹೆಸರಿನಲ್ಲಿ ನಡೆಯುವ ಕಾಲೇಜುಗಳಿಗೂ ವಿನಯದಿಂದ ಅರಿಕೆಮಾಡತಕ್ಕ ಮಾತೊಂದಿದೆ. ಬೋಧಕರ ಸಂಬಳ, ಪ್ರಯೋಗಶಾಲೆ, ಆಸ್ಪತ್ರೆ ಇವಕ್ಕೆ ಹಣ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿ ಕಳುಹಿಸಿದವಳು ಆಯ್ದಕ್ಕಿ ಲಕ್ಕಮ್ಮ. ಬೇಕಾದುದೆಷ್ಟು, ಮಿಕ್ಕುದೆಷ್ಟು ಎಂದು ಕೇಳಿದ ಆ ತಾಯಿಯ ಪ್ರಶ್ನೆಯನ್ನು ಪ್ರತಿಯೊಂದು ಆಡಳಿತಮಂಡಳಿಯೂ ವರ್ಷಕ್ಕೊಮ್ಮೆ ಶುಲ್ಕವನ್ನು ಗೊತ್ತುಮಾಡುವ ದಿನ ಕೇಳಿಕೊಂಡರೆ ಸಾಕು. ಅಷ್ಟರಿಂದಲೇ ಪ್ರತಿ ತರಗತಿಯಲ್ಲಿ ನಾಲ್ಕಾರು ಬಡಮಕ್ಕಳಿಗೆ ಶುಲ್ಕವಿಲ್ಲದ ಸೀಟುಗಳು ಒದಗಿಯಾವು.

ಈ ಕೆಲಸವು ಕೀಳು, ರಾತ್ರಿಯ ದುಡಿಮೆಯ ಹುಡುಗಿಗೆ ಸಂಬಂಧ ಕೂಡಿಬರದು ಎಂದು ಹೇಳುವವರು ಇನ್ನೂ ಕೆಲವರಿದ್ದಾರೆ. 2020 ಮತ್ತು 2021ರಲ್ಲಿ ಕೊರೋನಾ ವ್ಯಾಧಿಯು ಹಬ್ಬಿದಾಗ ಹೆತ್ತ ಮಕ್ಕಳೂ ಹಾಸಿಗೆಯ ಬಳಿಗೆ ಬರಲಾಗದ ಹೊತ್ತಿನಲ್ಲಿ ಎಷ್ಟೋ ಹಿರಿಯರ ಬಾಯಿಗೆ ಕೊನೆಯ ಗುಟುಕು ನೀರನ್ನು ಹಾಕಿದವರು ಈ ಹೆಣ್ಣುಮಕ್ಕಳೇ. ಮಲಮೂತ್ರಗಳನ್ನು ಮುಟ್ಟಿ ತೊಳೆದ ಕೈಗಳನ್ನು ಕೀಳೆನ್ನುವ ನಾಲಗೆಗೆ ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ತತ್ತ್ವವನ್ನು ಆಡುವ ಅಧಿಕಾರವಿಲ್ಲ. ಈ ವಿದ್ಯೆಯು ಹೆಂಗಸರಿಗಷ್ಟೇ ಸೇರಿದುದೂ ಅಲ್ಲ. ಗಂಡುಮಕ್ಕಳೂ ಇದನ್ನು ಕಲಿತು ಸೇವೆಮಾಡುತ್ತಿದ್ದಾರೆ.

ಕಡೆಗೆ ಅರಿಕೆಮಾಡತಕ್ಕುದು ಇಷ್ಟೇ. ಶುಶ್ರೂಷಕಿಯ ಸೇವೆಯು ಇಡೀ ಸಮಾಜಕ್ಕೆ ಸಲ್ಲುವಾಗ, ಅವಳನ್ನು ಸಿದ್ಧಗೊಳಿಸುವ ವೆಚ್ಚವು ಎರಡೆಕರೆಯ ಒಕ್ಕಲಿಗನೊಬ್ಬನ ಮೇಲೆಯೇ ಬೀಳುವುದು ನ್ಯಾಯವಲ್ಲ. ಮಹೋತ್ಸವದ ಈ ವರ್ಷದಲ್ಲಿ ಶ್ರೀಮಠದ ಭಕ್ತರು ಮದುವೆ, ಗೃಹಪ್ರವೇಶಗಳ ಆಡಂಬರದಲ್ಲಿ ಒಂದಂಶವನ್ನು ತಗ್ಗಿಸಿ ಜೋಳಿಗೆಗೆ ಹಾಕಿದರೆ, ಮೊದಲ ವರ್ಷ ಹತ್ತು ಮಕ್ಕಳಿಗಾದರೂ ಪ್ರಸಾದನಿಲಯವು ತೆರೆದೀತು. ಅಲ್ಲಿ ಉಂಡು ಕಲಿತವರಲ್ಲೊಬ್ಬಳು ಮುಂದೊಂದು ರಾತ್ರಿ ಇದೇ ಭಕ್ತರಲ್ಲೊಬ್ಬರ ಹಾಸಿಗೆಯ ಬದಿಯಲ್ಲಿ ನಿಂತಿರುವಳು. ಆಗ ಕೊಟ್ಟವರಾರು, ಪಡೆದವರಾರು ಎಂಬ ಭೇದವೇ ಉಳಿಯದು. ದಾಸೋಹದ ಅರ್ಥವೂ ಅದೇ ಆಗಿದೆ.

ಶ್ರೀಗುರುವು ಈ ಸಂಕಲ್ಪವನ್ನು ನೆರವೇರಿಸಲಿ.